ಚಿರೇಕಲ್ಲಿನ ರಾಶಿ ಇದ್ದ ಜಾಗ

ಬೆಳಗಿನ ಐದು ಗಂಟೆಗೆ ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ನಾವು ಮೂವರು ನಿಂತಿದ್ದೆವು. ನಾನು, ನಮ್ಮ ಮನೆಯಾಕಿ ಶಾಂತವ್ವ, ಮೊಮ್ಮಗಳು ಭಾಗ್ಯ. ಜೊತೆಗೆ ಒಂದು ಟ್ರಂಕು, ಸುತ್ತಿ ಕಟ್ಟಿದ ಗಾದಿ, ಪುಸ್ತಕ ತುಂಬಿದ ಬಕೀಟು, ರೊಟ್ಟಿಯ ಗಂಟು. ಭಾಗ್ಯಳಿಗೆ ಗೋವಾದ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಸೀಟು ಸಿಕ್ಕಿತ್ತು. ಸಮುದ್ರದ ವಿದ್ಯೆಯಂತೆ. ನೀರಿನೊಳಗಿನ ಉಪ್ಪು, ಹುಳ, ಕೆಸರು ಎಲ್ಲವನ್ನೂ ಓದುವುದಂತೆ. ನಾನು ಮೂರನೆಯ ಇಯತ್ತೆವರೆಗೆ ಓದಿದವನು, ಶಾಂತವ್ವ ಶಾಲೆಯ ಕಟ್ಟೆಯನ್ನೂ ಹತ್ತಿದವಳಲ್ಲ. ಸುದ್ದಿ ಬಂದ ದಿನ ನಾನು ಓಣಿಯ ಪ್ರತಿ ಮನೆಗೆ ಹೋಗಿ ಸಕ್ಕರೆ ಹಂಚಿದ್ದೆ. ಮಾತು ಬಿಟ್ಟಿದ್ದ ಒಂದು ಮನೆಗೂ ಹೋಗಿ ಹಂಚಿದ್ದೆ.

ಭಾಗ್ಯಳ ಅಪ್ಪ, ನಮ್ಮ ಮಗ ಬಸು ಟೇಲರ್. ಶಾಲೆ ಶುರುವಾಗುವ ಕಾಲ, ಯೂನಿಫಾರ್ಮಿನ ಬಟ್ಟೆ ಅಂಗಡಿಯಲ್ಲಿ ಎದೆಮಟ್ಟ ಬಿದ್ದಿತ್ತು. ಸೊಸೆ ಕಾಜಾ ಗುಂಡಿ ಹಚ್ಚುತ್ತಿದ್ದಳು. ಹೀಗಾಗಿ ಮೊಮ್ಮಗಳನ್ನು ಮುಟ್ಟಿಸಿ ಬರುವ ಯೋಗ ನಮಗೆ ಬಂತು. ನಾವೇ ಹೋಗಬೇಕಾದವರು ಎಂದು ನಾನೂ ಎಲ್ಲರಿಗೂ ಹೇಳಿದೆ. ಹಿಂದೆ ಎಂಟು ವರ್ಷ, ಸುಗ್ಗಿ ಮುಗಿದ ಮೇಲೆ ಮಳೆ ಬೀಳುವವರೆಗೆ, ನಾವು ಗಂಡಹೆಂಡಿರು ಗೋವಾದಲ್ಲಿ ಕಟ್ಟಡದ ಕೆಲಸ ಮಾಡಿದವರು. ಭಾಗ್ಯ ಇರಲಿದ್ದ ಹುಡುಗಿಯರ ಹಾಸ್ಟೆಲಿಗೂ ನಾವು ಕಲ್ಲು ಹೊತ್ತಿದ್ದೇವೆ.

ಬಸ್ಸು ಬರುವ ಮುಂಚೆ ಭಾಗ್ಯ ನೀರಿನ ಬಾಟಲಿ ತರಲು ಹೋದಳು. ಆಗ ಶಾಂತವ್ವ ನನ್ನ ಕಡೆ ನೋಡದೆ ಅಂದಳು:

"ಅಲ್ಲಿ ಹೋದ ಮ್ಯಾಲ ನನಗ ಜಾಗ ತೋರಸ್ರಿ."

"ತೋರಸ್ತೇನಿ," ಅಂದೆ.

"ಗುರುತು ಐತಲ್ಲಾ?"

"ಕಣ್ಣು ಮುಚ್ಚಿ ತೋರಸ್ತೇನಿ," ಅಂದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಮಾತನ್ನು ಹೇಳುತ್ತ ಬಂದಿದ್ದೆ. ಅದು ಸುಳ್ಳು.

ಆ ಜಾಗ ಯಾವುದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾಸ್ಟೆಲಿನ ಕೆಲಸ ನಡೆದಾಗ ಶಾಂತವ್ವ ಅಲ್ಲೇ ಜೋಪಡಿಯಲ್ಲಿ ಹಡೆದಳು. ಗಂಡು ಕೂಸು. ಆಗ ಬಸುಗೆ ಹನ್ನೆರಡು ವರ್ಷ, ಊರಲ್ಲಿ ನಮ್ಮವ್ವನ ಹತ್ತಿರ ಇದ್ದ. ಕೂಸು ಹನ್ನೊಂದು ದಿನ ಇತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವುದಕ್ಕೆ ಇನ್ನೊಂದೆರಡು ದಿನವಿತ್ತು, ಅಷ್ಟರಲ್ಲಿ ಜ್ವರ ಬಂತು. ನಮ್ಮಲ್ಲಿ ಹಾಲು ಕುಡಿಯುವ ಕೂಸನ್ನು ಸುಡುವುದಿಲ್ಲ, ಹೂಳುತ್ತೇವೆ. ತಾಯಿ ಜೊತೆಗೆ ಬರುವಂತಿಲ್ಲ. ನಾನೊಬ್ಬನೇ ಎತ್ತಿಕೊಂಡು ಹೋಗಿ, ನನ್ನ ತಲೆಯ ಪಟಗದಲ್ಲಿ ಸುತ್ತಿ, ಸೈಟಿನ ಅಂಚಿನಲ್ಲಿ ಮಣ್ಣು ಮಾಡಿ ಬಂದೆ. ಮೂರನೆಯ ದಿನ ಅದೇ ಜಾಗಕ್ಕೆ ಹೋಗಿ ಹಾಲು ತುಪ್ಪ ಎರೆಯಬೇಕು. ಆದರೆ ಮೂರನೆಯ ದಿನ ಬೆಳಗ್ಗೆ ಗುತ್ತೇದಾರನ ಟೆಂಪೋ ಬಂದು ನಮ್ಮ ಗ್ಯಾಂಗನ್ನು ವಾಸ್ಕೋದ ಬೇರೆ ಕೆಲಸಕ್ಕೆ ಹೊತ್ತೊಯ್ದಿತು. ಹಾಲು ಹಾಗೇ ಉಳಿಯಿತು.

ಬೆಳಗಾವಿವರೆಗೆ ಹೆಂಗಸರಿಗೆ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಸಾಕು. ನನಗೊಬ್ಬನಿಗೆ ತೆಗೆದುಕೊಂಡೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ನಾನು ಗೋವಾ, ಮೊಮ್ಮಗಳು, ಎಂಎಸ್ಸಿ, ಸಮುದ್ರ ಎಂದು ಎಲ್ಲವನ್ನೂ ಹೇಳಿದೆ.

"ಅಜ್ಜಾ, ನಾ ಟಿಕೇಟ್ ಕೇಳೀನಿ, ಮಾರ್ಕ್ಸ್ ಕೇಳಿಲ್ಲ," ಅಂದ ಅವನು.

"ಮಾರ್ಕ್ಸೂ ಹೇಳತೇನಿ ಕೇಳಪಾ. ನೂರಕ್ಕ ಎಂಬತ್ತೇಳು."

ಭಾಗ್ಯ ಓಡಣಿಯಿಂದ ಮುಖ ಮುಚ್ಚಿಕೊಂಡಳು. "ಮುತ್ಯಾ, ಹುನಗುಂದ ಬರೂದ್ರಾಗ ಇಡೀ ಬಸ್ಸಿಗೆ ನನ್ನ ಜಾತಕ ಹೇಳಿ ಮುಗಿಸಿದಿ. ಇನ್ನ ಬೆಳಗಾವಿತನ ಏನ್ ಹೇಳಾಂವ ನೀ?"

"ಮತ್ತೊಮ್ಮೆ ಹೇಳತೇನಿ ತಗೋ," ಅಂದೆ. ಹಿಂದಿನ ಸೀಟಿನವರೂ ನಕ್ಕರು. ಶಾಂತವ್ವ ಮಾತ್ರ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಬೆಳಗಾವಿಯಲ್ಲಿ ಬಸ್ಸು ಬದಲಿಸಿದೆವು. ಖಾನಾಪುರ ದಾಟಿದ ಮೇಲೆ ಕಾಡು ಶುರುವಾಯಿತು. ರೋಹಿಣಿ ಮಳೆ ಹುಸಿ ಹೋಗಿತ್ತು, ಎಲೆಗಳ ಮೇಲೆಲ್ಲ ಕೆಂಪು ಧೂಳು. ಅನಮೋಡ ಘಾಟಿನ ತಿರುವಿನಲ್ಲಿ ಭಾಗ್ಯಳಿಗೆ ಹೊಟ್ಟೆ ತೊಳಸಿತು. ಶಾಂತವ್ವ ಲಿಂಬೆಹಣ್ಣು ಕೊಟ್ಟು ಬೆನ್ನು ಸವರಿದಳು. ನಾವು ಕೆಲಸಕ್ಕೆ ಬರುತ್ತಿದ್ದಾಗ ಇದೇ ಘಾಟಿನಲ್ಲಿ ಲಾರಿಯ ಮೇಲೆ ಸಿಮೆಂಟ್ ಚೀಲದ ಜೊತೆ ಕೂತು ಇಳಿಯುತ್ತಿದ್ದೆವು. ಈಗ ಸೀಟಿನ ನಂಬರ್ ಹಿಡಿದು ಕೂತಿದ್ದೇವೆ, ಮೊಮ್ಮಗಳನ್ನು ಓದಲು ಬಿಡಲು ಹೊರಟಿದ್ದೇವೆ. ನನ್ನ ಎದೆ ಉಬ್ಬಿ ಬಂತು. ಅದರ ಬೆನ್ನಿಗೇ ಜಾಗದ ನೆನಪೂ ಬಂತು. ಪ್ರಯಾಣದ ಎರಡೂ ದಿನ ನನಗೆ ಹೀಗೇ ಆಗುತ್ತಿತ್ತು.

ಸಂಜೆ ಉಸಗಾಂವದಲ್ಲಿ ಇಳಿದೆವು. ಅಲ್ಲಿ ಶಾಂತವ್ವನ ತಮ್ಮ ಯಮನಪ್ಪ ಇದ್ದಾನೆ. ಮೊದಲು ಅದಿರಿನ ಟ್ರಕ್ ಓಡಿಸುತ್ತಿದ್ದ, ಈಗ ಕುಂಡಯಿಯ ಕಾರ್ಖಾನೆಗೆ ಹೋಗುತ್ತಾನೆ. ಎರಡು ಕೋಣೆಯ ಬಾಡಿಗೆ ಮನೆ, ಮೇಲೆ ತಗಡು. ಸೆಕೆಗೆ ಅಂಗಿ ಮೈಗೆ ಅಂಟಿಕೊಂಡಿತ್ತು. ಅವನ ಹೆಂಡತಿ ಊಟಕ್ಕೆ ಪಾವು, ಬಟಾಣಿ ಪಲ್ಯ ಮಾಡಿದ್ದಳು, ನಮ್ಮ ಗಂಟಿನ ರೊಟ್ಟಿ ಶೇಂಗಾ ಚಟ್ನಿಯನ್ನು ಅವರು ತಿಂದರು.

"ಮಾವಾ, ಕೊಂಕಣಿ ನೆನಪೈತೇನ್ರಿ?" ಎಂದು ಯಮನಪ್ಪ ಚುಚ್ಚಿದ. "ಮೊದಲ ಬರೇ 'ದಿ' ಅಂದ್ರ ಕೊಡು, 'ನಾಕಾ' ಅಂದ್ರ ಬ್ಯಾಡ, ಈ ಎರಡರಾಗ ಎಂಟು ವರ್ಷ ತೆಗೆದ್ರಿ."

"ಅಷ್ಟರಾಗ ಸಂಸಾರ ನಡೀಲಿಲ್ಲೇನೋ?"

"ಅಕ್ಕ ಚಲೋ ಮಾತಾಡತಿದ್ಲು. ನಿಮ್ಮ ಪಾಲಿಂದೂ ಆಕೀನ ಮಾತಾಡತಿದ್ಲು."

ಅದು ಖರೇ. ಶಾಂತವ್ವ ನಕ್ಕಳು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಅವಳು ತಮ್ಮನ ಹೆಂಡತಿಯ ಜೊತೆ ಅಂಗಡಿಗೆ ಹೋಗಿ ಬಂದಿದ್ದಳು. ಏನು ತಂದೆ ಎಂದು ನಾನು ಕೇಳಲಿಲ್ಲ.

ಆಮೇಲೆ ಹೊರಟು ಫೋಂಡಾ ಮೇಲಿಂದ ಪಣಜಿ, ಅಲ್ಲಿಂದ ಗುಡ್ಡ ಹತ್ತುವ ಸಣ್ಣ ಬಸ್ಸು. ತಲೆಗೆ ಹದಿನೈದು ರೂಪಾಯಿ, ಟ್ರಂಕಿಗೆ ಬೇರೆ. ಬಸ್ಸಿನ ತುಂಬ ರಜೆ ಮುಗಿಸಿ ಬರುತ್ತಿದ್ದ ಹುಡುಗರು, ಹುಡುಗಿಯರು. ಕೆಲವರ ಕೈಯಲ್ಲಿ ಹಲಸಿನ ಹಪ್ಪಳದ ಚೀಲ, ಕೆಲವರ ಕೈಯಲ್ಲಿ ಗಿಟಾರು. ಕಂಡಕ್ಟರ್ "ಫುಡೆಂ ವಚ್, ಫುಡೆಂ ವಚ್" ಎಂದು ಎಲ್ಲರನ್ನೂ ಮುಂದಕ್ಕೆ ತಳ್ಳುತ್ತಿದ್ದ. ಗೆಳತಿಯರು ಸಿಕ್ಕಾಗ ಬಾಗಿಲಲ್ಲೇ ತಬ್ಬಿಕೊಂಡು ನಿಂತುಬಿಡುತ್ತಿದ್ದರು. ಎಡಕ್ಕೆ ಮನೆಗಳ ನಡುವೆ ಸಮುದ್ರ ಕಾಣಿಸಿತು, ಸುಣ್ಣದ ನೀರಿನ ಹಾಗೆ ಬೆಳ್ಳಗೆ. ಗಾಳಿ ಇರಲಿಲ್ಲ.

ಹಾಸ್ಟೆಲಿನ ಗೇಟಿನಲ್ಲಿ ಕಾರು, ರಿಕ್ಷಾ, ಸ್ಕೂಟರುಗಳ ಸಾಲು. ಗಾದಿ, ಬಕೀಟು, ಟೇಬಲ್ ಫ್ಯಾನ್, ಉಪ್ಪಿನಕಾಯಿ ಭರಣಿ ಎಲ್ಲ ನೆಲದ ಮೇಲೆ. ಕಾವಲುಗಾರ ನನ್ನನ್ನು ತಡೆದ. ಗಂಡಸರು ಒಳಗೆ ಹೋಗುವಂತಿಲ್ಲ.

"ಈ ಗ್ವಾಡಿ ಕಟ್ಟಿದಾಂವ ನಾನ, ನನ್ನ ತಡೀತೀಯೇನಪಾ?" ಅಂದೆ ನಗುತ್ತ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಭಾಗ್ಯ ಹಿಂದಿಯಲ್ಲಿ ಹೇಳಿದಳು. ಅವನು ಎದ್ದು ತನ್ನ ಕುರ್ಚಿಯನ್ನು ನನಗೆ ಕೊಟ್ಟ, ಒಳಗೆ ಮಾತ್ರ ಬಿಡಲಿಲ್ಲ.

ಭಾಗ್ಯ ಕಾಗದ ಹಿಡಿದು ಕಚೇರಿಯ ಸಾಲಿನಲ್ಲಿ ನಿಂತಳು. ಮುಂದೆ ಮೂವತ್ತು ಜನರಾದರೂ ಇದ್ದರು. "ಒಂದು ತಾಸು ಆಗತೈತಿ ಆಯಿ, ನೆರಳಾಗ ಕುಂಡ್ರಿ," ಅಂದಳು.

"ನಾವು ಒಂದು ಸುತ್ತು ಹಾಕಿ ಬರ್ತೀವಿ," ಅಂದಳು ಶಾಂತವ್ವ. ನಾನು ಕುರ್ಚಿಯಿಂದ ಎದ್ದೆ.

ಹಾಸ್ಟೆಲಿನ ಹಿಂದಕ್ಕೆ ಹೋದೆವು. ನಾವು ಬಿಟ್ಟು ಹೋದಾಗ ಅಲ್ಲಿ ಬರೀ ಕೆಂಪು ಮುರಮಣ್ಣು, ಗೇರು ಗಿಡ, ನಮ್ಮ ಜೋಪಡಿಗಳು. ಈಗ ಡಾಂಬರು ರಸ್ತೆ, ಹುಲ್ಲಿನ ಅಂಗಳ, ನೀರಿನ ಟಾಕಿ. ರಸ್ತೆಯ ಪಕ್ಕದಲ್ಲಿ ಒಂದು ಬೇವಿನ ಗಿಡ ಒಂಟಿಯಾಗಿ ನಿಂತಿತ್ತು. ನೆರಳು ಚೆನ್ನಾಗಿತ್ತು. ಇಂಥ ಜಾಗವಾದರೆ ಅವಳ ಮನಸ್ಸು ತಣ್ಣಗಾಗುತ್ತದೆ ಅನ್ನಿಸಿತು. ಬೆರಳು ತೋರಿಸಿ, "ಇಲ್ಲೇ, ಈ ಗಿಡದ ಬುಡಕ," ಅಂದೆ.

ಶಾಂತವ್ವ ಚಪ್ಪಲಿ ಬಿಟ್ಟು ಹತ್ತಿರ ಹೋದಳು. ಕೂರಲಿಲ್ಲ, ಕೈ ಮುಗಿಯಲಿಲ್ಲ. ಬೊಡ್ಡೆಯನ್ನು ಎರಡೂ ತೋಳಿನಿಂದ ತಬ್ಬಿ ನೋಡಿದಳು. ಬೆರಳಿಗೆ ಬೆರಳು ಕೂಡಿತು.

"ಭಾಗ್ಯ ಹುಟ್ಟಿದಾಗ ಹಿತ್ತಲದಾಗ ಹಚ್ಚಿದ ಬೇವು ಇದಕ್ಕಿಂತ ದಪ್ಪ ಐತ್ರಿ," ಅಂದಳು.

ನಾನು ತೋರಿಸಿದ್ದ ಬೆರಳನ್ನು ಕೆಳಗಿಳಿಸಿದೆ.

"ನೀವು ಹೂಳುವಾಗ ಈ ಗಿಡ ಹುಟ್ಟೇ ಇದ್ದಿಲ್ಲ. ಖರೇ ಹೇಳ್ರಿ."

ಹೇಳಿದೆ. ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಹೇಳಿದೆ. ಆ ದಿನ ಸೈಟಿನ ಅಂಚಿನಲ್ಲಿ ಗೋಡೆಗೆ ತಂದ ಚಿರೇಕಲ್ಲಿನ, ಅಂದರೆ ಕೆಂಪು ಮುರಕಲ್ಲಿನ, ದೊಡ್ಡ ರಾಶಿ ಇತ್ತು, ಎರಡಾಳೆತ್ತರ. ಕೆಂಪು ಗುಡ್ಡವೇ ನಿಂತ ಹಾಗೆ. ಅದರ ಬುಡಕ್ಕೆ, ಸಮುದ್ರದ ಮಗ್ಗುಲಿಗೆ ಕುಣಿ ತೋಡಿದೆ. ಬೇರೆ ಗುರುತು ಯಾಕೆ ಬೇಕು, ಇಷ್ಟು ದೊಡ್ಡ ರಾಶಿ ಇದೆಯಲ್ಲ ಅಂದುಕೊಂಡೆ. ದಿನಾ ಅದೇ ರಾಶಿಯ ಕಲ್ಲು ಹೊತ್ತು ಗೋಡೆಗೆ ಕೊಡುತ್ತಿದ್ದ ನನಗೆ, ರಾಶಿ ಕರಗುತ್ತದೆ ಎಂಬುದು ಆ ಹೊತ್ತು ತಲೆಗೆ ಬರಲಿಲ್ಲ. ಮರುದಿನ ಮೇಸ್ತ್ರಿ ಕೂಗಿದ, ಹೋಗಿ ಕೆಲಸಕ್ಕೆ ನಿಂತೆ. ಸಂಜೆಯ ಹೊತ್ತಿಗೆ ರಾಶಿಯ ಒಂದು ಮಗ್ಗುಲು ಇಲ್ಲವಾಗಿತ್ತು. ನನ್ನ ತಲೆಯ ಮೇಲೆಯೇ ನನ್ನ ಮಗನ ಗುರುತನ್ನು ಹೊತ್ತು ಗೋಡೆಗೆ ಇಟ್ಟಿದ್ದೆ. ಕತ್ತಲಾದ ಮೇಲೆ ಗೂಟ ನೆಡೋಣ ಅಂದುಕೊಂಡೆ. ಅಂದು ಜೋಪಡಿಯಲ್ಲಿ ಅವಳಿಗೆ ಎದೆ ಬಿಗಿದು ಹಾಲು ಸೋರುತ್ತಿತ್ತು, ನಡುಗುತ್ತಿದ್ದಳು. ಬಿಟ್ಟು ಹೋಗಲು ಕಾಲು ಏಳಲಿಲ್ಲ. ಬೆಳಗ್ಗೆ ಟೆಂಪೋ ಬಂತು.

ಶಾಂತವ್ವ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಳು. ಮುಂದಿನಿಂದ ಹುಡುಗಿಯರ ನಗು, ಕಾರಿನ ಹಾರ್ನು ಕೇಳಿಸುತ್ತಿತ್ತು.

"ಗೊತ್ತಿಲ್ಲ ಅಂದಿದ್ರ ನಾ ಏನ್ ನಿಮ್ಮನ್ನ ಕೊಲ್ಲತಿದ್ದೆ?"

"ನಿನಗ ಅದೊಂದರ ಧೈರ್ಯ ಇರಲಿ ಅಂತ."

"ಧೈರ್ಯ," ಅಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹಾಸ್ಟೆಲಿನ ಕಡೆ ನೋಡಿದಳು. "ಆ ರಾಶಿ ಅಂದ್ರ ನಾ ಹೊರತಿದ್ದ ರಾಶಿ ಅಲ್ಲೇನ್ರಿ? ಲಾರಿ ತಿರುಗತಿದ್ದ ಕಡೆ ಇದ್ದದ್ದು?"

"ಅದ."

"ಹಂಗಾದ್ರ ನನ್ನ ಕಾಲಿಗೆ ಗೊತ್ತೈತಿ."

ಎದ್ದು ಗೋಡೆಯ ಹತ್ತಿರ ಹೋದಳು. ಬಣ್ಣ ಬಳಿದಿದ್ದರು, ಆದರೂ ಬುನಾದಿಯ ಮೂಲೆ ಮೂಲೆಯೇ. ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಹೊಟ್ಟಿ ಮುಂದ ಬಂದ ಮ್ಯಾಲ ನಾ ಹೆಜ್ಜಿ ಎಣಿಸ್ಕೋತ ನಡೀತಿದ್ದೆ. ರಾಶಿಯಿಂದ ಈ ಮೂಲಿತನ ನಲವತ್ತೊಂದು. ನಲವತ್ತಕ್ಕ ಜೀವ ಬಾಯಿಗೆ ಬರತಿತ್ತು, ಇನ್ನೊಂದಕ್ಕ ಕಲ್ಲು ಇಳಸ್ತಿದ್ದೆ." ನನಗೆ ಇದು ಗೊತ್ತೇ ಇರಲಿಲ್ಲ. ಒಂದೇ ಸೈಟಿನಲ್ಲಿ, ಅವಳ ಹಿಂದೆ ಮುಂದೆಯೇ ನಾನು ನಡೆಯುತ್ತಿದ್ದೆ.

ಅವಳು ಬಲಗೈಯನ್ನು ತಲೆಯ ಮೇಲೆ ಎತ್ತಿದಳು, ಕಲ್ಲು ಹಿಡಿದ ಹಾಗೆ. ಇಲ್ಲದ ಭಾರಕ್ಕೆ ಕುತ್ತಿಗೆ ಗಟ್ಟಿ ಮಾಡಿದಳು. ಬಸುರಿ ಹೆಂಗಸಿನ ಸಣ್ಣ ಸಣ್ಣ ಹೆಜ್ಜೆ, ಪಾದ ಸ್ವಲ್ಪ ಅಗಲಕ್ಕೆ. ಅರವತ್ತು ದಾಟಿದ ಹೆಂಗಸು, ಮೊಣಕಾಲು ನೋವಿನವಳು, ಬಾಯಲ್ಲಿ ಎಣಿಸುತ್ತ ಬಿಸಿಲಲ್ಲಿ ನಡೆದಳು. ನಾನು ಹಿಂದೆ ಹೋದೆ. ಹುಲ್ಲಿನ ಅಂಗಳ ದಾಟಿತು, ಒಂದು ಕಟ್ಟೆ ದಾಟಿತು. ನಲವತ್ತೊಂದಕ್ಕೆ ನಿಂತಾಗ ನಾವು ಸ್ಕೂಟರ್ ನಿಲ್ಲಿಸುವ ಜಾಗದಲ್ಲಿದ್ದೆವು. ನೆಲಕ್ಕೆ ಸಿಮೆಂಟಿನ ಬಿಲ್ಲೆ ಹಾಸಿದ್ದರು. ಇಪ್ಪತ್ತು ಮೂವತ್ತು ಸ್ಕೂಟರುಗಳು ನಿಂತಿದ್ದವು, ಇನ್ನೂ ಬರುತ್ತಿದ್ದವು.

"ಸಮುದ್ರದ ಮಗ್ಗಲು ಯಾವುದ್ರಿ?"

ಕೈ ತೋರಿಸಿದೆ. ಈ ಸಲ ಸುಳ್ಳಿರಲಿಲ್ಲ. ಅವಳು ನೀಲಿ ಸ್ಕೂಟರೊಂದರ ಪಕ್ಕಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು. ಚೀಲದಿಂದ ಹಾಲಿನ ಪಾಕೀಟು ತೆಗೆದಳು, ಒಂದು ಸಣ್ಣ ಸೀಸೆಯಲ್ಲಿ ತುಪ್ಪ. ಉಸಗಾಂವದ ಅಂಗಡಿಯಿಂದ ತಂದದ್ದು ಅದು. ಮೊದಲು ನನ್ನ ಕೈಗೆ ಕೊಟ್ಟಳು, "ನೀವು ಎರೀರಿ, ತಂದಿ ಎರೀಬೇಕು." ಪಾಕೀಟಿನ ಮೂಲೆ ನನ್ನಿಂದ ಹರಿಯಲಾಗಲಿಲ್ಲ. ಅವಳೇ ಹಲ್ಲಿನಿಂದ ಹರಿದಳು. ಇಬ್ಬರೂ ಹಿಡಿದು ಎರೆದೆವು. ಹಾಲು ಬಿಲ್ಲೆಗಳ ಮೇಲೆ ಹರಿದು, ಸಂದಿ ಸಿಕ್ಕಲ್ಲಿ ನಿಂತು, ನಿಧಾನಕ್ಕೆ ಒಳಗೆ ಇಳಿಯಿತು. ಕೆಂಪು ಮಣ್ಣು ಕುಡಿಯುತ್ತಲೇ ಇತ್ತು.

ಅಷ್ಟರಲ್ಲಿ ಆ ನೀಲಿ ಸ್ಕೂಟರಿನ ಹುಡುಗಿ ಬಂದಳು, ಕೈಯಲ್ಲಿ ಹೆಲ್ಮೆಟ್. ನಮ್ಮನ್ನೂ ಹಾಲನ್ನೂ ನೋಡಿ ಬಗ್ಗಿದಳು.

"ದೂದ್ ಸಾಂಡ್ಲೆಂ ಗೇ ಆಜಿ? ಹಾಂವ್ ದುಸ್ರೆಂ ಹಾಡ್ತಾ," ಅಂದಳು. ಹಾಲು ಚೆಲ್ಲಿತೇ ಅಜ್ಜಿ, ನಾನು ಬೇರೆ ತಂದುಕೊಡುತ್ತೇನೆ ಅಂತ.

"ನಾ ಬಾಯ್," ಅಂದಳು ಶಾಂತವ್ವ. "ದಿಲೆಂ." ಇಲ್ಲ ಮಗಳೇ, ಕೊಟ್ಟೆ ಅಂತ.

ಹುಡುಗಿಗೆ ಏನು ತಿಳಿಯಿತೋ. ಸ್ಕೂಟರನ್ನು ಸ್ಟಾರ್ಟ್ ಮಾಡದೆ, ಹಾಲನ್ನು ತುಳಿಯದ ಹಾಗೆ ಹಿಂದಕ್ಕೆ ಎಳೆದುಕೊಂಡು ದೂರ ಹೋಗಿ ಹತ್ತಿದಳು. ಶಾಂತವ್ವ ಆಗ ಅತ್ತಳು. ಅವತ್ತು ಜೋಪಡಿಯಲ್ಲಿ ಅತ್ತದ್ದಕ್ಕಿಂತ ಸಣ್ಣ ದನಿಯಲ್ಲಿ, ಸೆರಗು ಬಾಯಿಗಿಟ್ಟುಕೊಂಡು. ನಾನು ಅವಳ ಮುಂದೆ ನೆರಳಾಗುವ ಹಾಗೆ ನಿಂತೆ. ನನ್ನ ಕಣ್ಣೀರನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

ಭಾಗ್ಯ ಕೋಣೆಯ ಕೀಲಿ ಕುಣಿಸುತ್ತ ಓಡಿ ಬಂದಾಗ ನಾವು ಗೇಟಿನ ಹತ್ತಿರ ಕೂತಿದ್ದೆವು. "ಆಯಿ, ಕಣ್ಣು ಯಾಕ ಕೆಂಪಾಗ್ಯಾವ?"

"ನಿನ್ನ ಬಿಟ್ಟು ಹೋಗಬೇಕಲ್ಲವಾ."

"ಮುತ್ಯಾಂದೂ ಕೆಂಪಾಗ್ಯಾವ. ದೀಪಾವಳಿಗೆ ಬರತೇನಿ, ಇಬ್ರೂ ಸಣ್ಣ ಹುಡುಗರಗತೆ ಅಳಬ್ಯಾಡ್ರಿ." ಅವಳಿಗೆ ಏನೂ ಹೇಳಬಾರದು ಎಂದು ನಾವು ಮಾತಾಡಿಕೊಂಡಿರಲಿಲ್ಲ. ಆದರೂ ಇಬ್ಬರೂ ಹೇಳಲಿಲ್ಲ. ಅವಳ ಸಂತೋಷದ ದಿನ ಅದು, ನಮ್ಮದೂ ಹೌದು. ಉಳಿದ ರೊಟ್ಟಿ, ಚಟ್ನಿ ಅವಳ ಕೈಗಿಟ್ಟೆವು. ಕಾಲಿಗೆ ಬಿದ್ದಳು. ಎದ್ದು ಒಳಗೆ ಹೋದಳು. ಬಾಗಿಲಲ್ಲಿ ಒಬ್ಬ ಹುಡುಗಿ ಅವಳ ಟ್ರಂಕಿನ ಇನ್ನೊಂದು ಹಿಡಿ ಹಿಡಿದಳು. ಆಗಲೇ ಗೆಳತಿ ಸಿಕ್ಕಳಲ್ಲ ಎಂದು ಸಮಾಧಾನವಾಯಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆಳಗೆ ದೋನಾಪಾವ್ಲಾದ ದಂಡೆಗೆ ಇಳಿದು ಕೂತೆವು. ಅಲ್ಲಿ ಮಣಿಸರ, ಟೊಪ್ಪಿಗೆ ಮಾರುವ ಗದಗ ಕಡೆಯ ಹೆಂಗಸೊಬ್ಬಳು ಸಾಮಾನು ಗಂಟು ಕಟ್ಟುತ್ತಿದ್ದಳು. ಮಾತಿನಿಂದಲೇ ಗುರುತು ಹಿಡಿದಳು.

"ಯಾ ಊರ್ರಿ? ಮಳಿ ಬರಾಕತ್ತೈತಿ, ನಮ್ಮ ಸೀಜನ್ ಮುಗೀತು. ನಾವು ಹೊಂಟೀವಿ, ಸಾಲಿ ಹುಡುಗ್ರು ಬರಾಕತ್ತಾರ."

"ನಮ್ಮ ಮೊಮ್ಮಗಳೂ ಬಂದಾಳ್ರಿ, ಎಂಎಸ್ಸಿಗೆ," ಅಂದೆ. ಅವಳು ಕೆಲಸ ಬಿಟ್ಟು ನನ್ನ ಮುಖ ನೋಡಿದಳು. "ಓದಾಕ ಬಂದಾಕಿ ನಮ್ಮವರ ಪೈಕಿನ?" ಅಂದಳು. "ನಮ್ಮವರ," ಅಂದೆ. ಗಂಟಿನಿಂದ ಒಂದು ಕರಿಮಣಿಯ ಕೈಬಳೆ ತೆಗೆದು ಶಾಂತವ್ವನಿಗೆ ಕೊಟ್ಟಳು, ಹುಡುಗಿಗೆ ಅಂತ. ಎಷ್ಟು ಹೇಳಿದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ಭಾಗ್ಯಳ ಫೋನು ಬಂತು. ಶಾಂತವ್ವನ ಕೈಯಲ್ಲಿ ಕೊಟ್ಟೆ. ದನಿ ನನಗೂ ಕೇಳಿಸುತ್ತಿತ್ತು. ಕೋಣೆ ಚಲೋ ಇದೆ, ಜೊತೆಯವಳು ಸಾವಂತವಾಡಿಯವಳು, ಫ್ಯಾನು ತಿರುಗುತ್ತದೆ ಎಂದೆಲ್ಲ ಹೇಳಿದಳು. ಆಮೇಲೆ ಮುನಿಸಿನಿಂದ ಅಂದಳು: "ಆಚಿ ಸಾಲಿನವರಿಗೆ ಕಿಡಿಕ್ಯಾಗ ಸಮುದ್ರ ಕಾಣತೈತಿ ಆಯಿ. ನಮಗ ನೋಡಿದ್ರ ಬರೇ ಗಾಡಿ ನಿಲ್ಲಸೂ ಜಾಗ. ರೂಮ್ ಬದಲಿ ಮಾಡ್ರಿ ಅಂತ ನಾಳೆ ಕೇಳತೇನಿ."

ಶಾಂತವ್ವ ಗುಡ್ಡದ ಕಡೆ ನೋಡಿದಳು. ದಂಡೆಯಿಂದ ಹಾಸ್ಟೆಲು ಕಾಣುತ್ತಿರಲಿಲ್ಲ, ಅದರ ನೀರಿನ ಟಾಕಿ ಮಾತ್ರ ಕಾಣುತ್ತಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು.

"ಬ್ಯಾಡವಾ," ಅಂದಳು. "ಆ ರೂಮಿನಾಗ ಇರು. ಮುಂಜಾನೆ ಎದ್ದ ಕೂಡಲೇ ಕಿಡಿಕಿ ತೆಗಿ, ಒಮ್ಮೆ ಹೊರಗ ನೋಡು. ಯಾಕಂತ ದೀಪಾವಳಿಗೆ ಬಂದಾಗ ಹೇಳತೇನಿ."